ಬೆಲ್ಟ್ ಬದಲಿಸದೆ ಪೂಜೆಯಿಲ್ಲ

ಹೋದ ವಾರ ಹಳೆಯ ಕಾರನ್ನು ಕೊಂಡವರಿಗೆ ಒಪ್ಪಿಸುವ ಮುಂಚೆ ಡಿಕ್ಕಿ ಖಾಲಿ ಮಾಡುತ್ತಿದ್ದೆ. ಸ್ಟೆಪ್ನಿಯ ಕೆಳಗೆ ಪೇಪರಿನಲ್ಲಿ ಸುತ್ತಿದ ರಬ್ಬರ್ ಬೆಲ್ಟೊಂದು ಸಿಕ್ಕಿತು. ಬಿಚ್ಚಿದ್ದೇ ತಡ, ಹಳೆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕಾಡುಗೋಡಿಯ ನಮ್ಮ ಮೆಕ್ಯಾನಿಕ್ ಅಣ್ಣನ ಬೈಗುಳವೂ...

ಅದು ಟೈಮಿಂಗ್ ಬೆಲ್ಟು. ಎಂಜಿನ್ನಿನೊಳಗೆ ಕೂತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಓಡುವಾಗ ಹರಿದರೆ ಮಾತ್ರ ಎಂಜಿನ್ನೇ ಚಿಂದಿ. ಕಾರಿನ ಜೊತೆ ಬಂದ ಪುಸ್ತಕದ ಪ್ರಕಾರ ಅದನ್ನು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಆರೇಳು ವರ್ಷದ ಹಿಂದಿನ ಮಾತು, ನನ್ನದು ಆಗಿನ್ನೂ ಅರವತ್ತು ಸಾವಿರ. ನಾನೋ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರು, ಪುಸ್ತಕದಲ್ಲಿದ್ದದ್ದೇ ವೇದವಾಕ್ಯ.

"ಸಾರ್, ಬೆಲ್ಟ್ ಚೇಂಜ್ ಮಾಡ್ಸಿ," ಎಂದರು ಅಣ್ಣ.

"ಇನ್ನೂ ನಲವತ್ತು ಸಾವಿರ ಇದೆ ಅಣ್ಣ."

"ಗಾಡಿ ಓಡಿದ್ರೆ ತಾನೆ ಸಾರ್ ಮೀಟ್ರು ಓಡೋದು? ವರ್ತೂರು ರೋಡ್ ಟ್ರಾಫಿಕ್ಕಲ್ಲಿ ಗಾಡಿ ನಿಂತಿರ್ತದೆ, ಎಂಜಿನ್ನು ತಿರುಗ್ತಾನೇ ಇರ್ತದೆ. ಅದ್ನ ಯಾವ ಮೀಟ್ರು ತೋರಿಸ್ತದೆ?"

ಅವರ ಮಾತಿನಲ್ಲಿ ಲೆಕ್ಕವಿತ್ತು. ಆದರೂ ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಗಾಳಿ ತುಂಬಿಸಲು ಹೋದರೂ ಅವರದು ಅದೇ ಮಾತು. ಕೊನೆಗೆ ಅವರ ಗ್ಯಾರೇಜು ಬಂತೆಂದರೆ ಗ್ಲಾಸು ಏರಿಸಿಕೊಂಡು ಮುಂದಕ್ಕೆ ನೋಡುತ್ತಾ ಹೋಗತೊಡಗಿದೆ.

ಆಯುಧಪೂಜೆಯ ದಿನ ತಪ್ಪಿಸಿಕೊಳ್ಳಲಾಗಲಿಲ್ಲ. ಹೆಂಡತಿಗೆ ಆಗ ಎಂಟು ತಿಂಗಳು. ಗಾಡಿಗೆ ಪೂಜೆ ಆಗಲೇಬೇಕೆಂದು ಹಟ ಹಿಡಿದು ತಾನೂ ಬಂದು ಕೂತಳು. ಗ್ಯಾರೇಜಿನ ಮುಂದೆ ಕ್ಯಾಬುಗಳ ಸಾಲು. ಅಣ್ಣ ಒಂದೊಂದಕ್ಕೂ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಕಳಿಸುತ್ತಿದ್ದರು. ನಮ್ಮ ಸರದಿ ಬಂದಾಗ ಕೈಯಲ್ಲಿದ್ದ ನಿಂಬೆಹಣ್ಣನ್ನು ವಾಪಸ್ ತಟ್ಟೆಗೆ ಹಾಕಿದರು.

"ಈ ಗಾಡಿಗೆ ಪೂಜೆ ಇಲ್ಲ. ಕಿತ್ತೋಗೋ ಬೆಲ್ಟ್ ಒಳಗಿಟ್ಕೊಂಡು ಕಾಪಾಡಪ್ಪಾ ಅಂತ ಎಂಗೆ ಕೈ ಮುಗೀಲಿ? ದೇವ್ರು ನನ್ನೇ ಉಗಿಯಲ್ವಾ?"

ಕ್ಯಾಬ್ ಡ್ರೈವರುಗಳೆಲ್ಲ ಗೊಳ್ಳೆಂದು ನಕ್ಕರು. ಹೆಂಡತಿ ನಗಲಿಲ್ಲ.

"ಯಾವ ಬೆಲ್ಟ್ ರೀ? ಹೆರಿಗೆಗೆ ನಾನು ಇದೇ ಕಾರಲ್ಲಿ ತಾನೆ ಹೋಗ್ಬೇಕಿರೋದು?"

ಅಲ್ಲಿಗೆ ನನ್ನ ಲಕ್ಷ ಕಿಲೋಮೀಟರಿನ ವಾದ ಮುಗಿಯಿತು.

ಹಬ್ಬ ಕಳೆದ ಮೇಲೆ ಅಣ್ಣ ಬೆಲ್ಟ್ ಬಿಚ್ಚಿದರು. ಮೈತುಂಬ ಬಿರುಕು, ಉಗುರು ತಾಗಿಸಿದರೆ ಅದರ ಹಲ್ಲು ಉದುರುತ್ತಿತ್ತು. ಬಿಚ್ಚಿದ ಸಾಮಾನನ್ನು ಗಿರಾಕಿಗೇ ಒಪ್ಪಿಸುವುದು ಅವರ ಪದ್ಧತಿ. ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟರು. ಆಮೇಲೆ ಸಮಾಧಾನವಾಗಿ ಪೂಜೆ ಮಾಡಿದರು. ಪಾಪ, ನಮ್ಮೊಬ್ಬರಿಗಾಗಿ ದೇವರು ಇನ್ನೊಮ್ಮೆ ಬರಬೇಕಾಯಿತು.

ಮುಂದಿನ ತಿಂಗಳು, ನಡುಮಧ್ಯಾಹ್ನ, ಆಸ್ಪತ್ರೆಗೆ ಹೊರಟವರು ವರ್ತೂರಿನಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಂಡೆವು. ಹೆಂಡತಿ ನೋವು ತಾಳಲಾರದೆ ಹಿಂದಿನ ಸೀಟಿನಿಂದ ನನ್ನ ಕೂದಲು ಹಿಡಿದೆಳೆಯುತ್ತಿದ್ದಳು. ಮೀಟರು ಒಂದು ಕಿಲೋಮೀಟರೂ ಏರಲಿಲ್ಲ; ಎಂಜಿನ್ನು ಮಾತ್ರ ತಿರುಗುತ್ತಲೇ ಇತ್ತು. ಅಂತೂ ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಪೇಡ ಹಿಡಿದುಕೊಂಡು ಹೋದರೆ ಅಣ್ಣ ಮೊದಲು ಕೇಳಿದ್ದು, "ಗಾಡಿ ಎಂಗೈತೆ ಸಾರ್?"

ಡಿಕ್ಕಿ ಖಾಲಿ ಮಾಡಿದ ಮರುದಿನ ಹೊಸ ಬ್ಯಾಟರಿ ಕಾರು ಬುಕ್ ಮಾಡಲು ಹೋದೆ. "ಇದ್ರಲ್ಲಿ ಟೈಮಿಂಗ್ ಬೆಲ್ಟೇ ಇರಲ್ಲ ಸಾರ್," ಎಂದರು ಶೋರೂಮಿನ ಮೇಡಂ. ನೋಡಿ ಅಣ್ಣ, ಕೊನೆಗೂ ಗೆದ್ದೆ ಎಂದು ಕಿಚಾಯಿಸಲು ಫೋನ್ ತೆಗೆದು ಅವರ ನಂಬರ್ ಹುಡುಕಿಯೇಬಿಟ್ಟೆ. ಅವರು ತೀರಿಕೊಂಡು ವರ್ಷವಾಗಿತ್ತು. ಮಣ್ಣಿಗೆ ನಾನೂ ಹೋಗಿದ್ದೆ... ಅಷ್ಟು ಜನರ ಮುಂದೆ ಸೋಫಾದಲ್ಲಿ ಕೂತು ಅತ್ತುಬಿಟ್ಟೆ.

ಮೇಡಂ ಗಾಬರಿಯಾಗಿ ನೀರು ತಂದುಕೊಟ್ಟರು.

"ಬೆಲ್ಟ್ ಇಲ್ಲಾಂತ ಬೇಜಾರ್ ಮಾಡ್ಕೋಬೇಡಿ ಸಾರ್, ಸೀಟ್ ಕವರ್ ಫ್ರೀ ಹಾಕಿಸ್ಕೊಡ್ತೀನಿ."