ಊದುಗೊಳವೆಯ ಸಾಕ್ಷಿ

ನನಗೆ ಬೀಡಿ ಕಲಿಸಿದವರು ನನ್ನ ಅತ್ತೆ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಮಟಕಿ ಎಂಬ ಹಳ್ಳಿಗೆ ಬಂದ ಹೊಸತು. ದವಡೆ ಹಲ್ಲು ನೋಯುತ್ತದೆ ಎಂದದ್ದಕ್ಕೆ ಹಿತ್ತಲಿಗೆ ಕರೆದೊಯ್ದು, ತಮ್ಮ ಕಟ್ಟಿನಿಂದಲೇ ಒಂದು ಹಚ್ಚಿಕೊಟ್ಟರು.

"ಎರಡ್ ದಮ್ ಎಳಿ ಬೇ, ನೋವು ಓಡಿ ಹೋಗ್ತದ."

ಓಡಲಿಲ್ಲ. ಆಳಂದಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡೆ. ಹಲ್ಲು ಹೋಯಿತು, ಬೀಡಿ ಉಳಿಯಿತು.

ಏಳೆಂಟು ವರ್ಷದಲ್ಲಿ ಅತ್ತೆಯ ಉಸಿರು ಕೈಕೊಟ್ಟಿತು. ಊದುಗೊಳವೆ ಹಿಡಿದು ಒಲೆ ಊದಲು ಕೂತರೆ ಒಂದು ಊದಿಗೆ ಹತ್ತು ಕೆಮ್ಮು. ನೋಡಲಾರದೆ, "ಏಳ್ರಿ ಅತ್ತಿ, ಇನ್ನ ಒಲಿ ನಾ ನೋಡ್ಕೋತೇನಿ" ಎಂದೆ. ಅದೇ ತಪ್ಪಾಯಿತು. ಆ ಮನೆಯಲ್ಲಿ ಒಲೆ ಯಾರದೋ ಮಾತೂ ಅವರದೇ.

"ಉಸಿರಿರೋತನಕ ಏಳಂಗಿಲ್ಲ."

"ಅದೇ ಇಲ್ಲಲ್ರಿ!"

ಅತ್ತೆ ಗುರ್ ಎಂದು ನೋಡಿದರು. "ಹಂಗಾದ್ರ ಬೀಡಿ ಬಿಡ್ತೇನಿ. ನೀನೂ ಬಿಡಬೇಕು. ದಿನಾ ಮುಂಜಾನಿ ಬಾಯಿ ಮೂಸ್ತೇನಿ."

ಅಂದಿನಿಂದ ರೊಟ್ಟಿ ಬಡಿಯುವ ಮೊದಲು ನಾವಿಬ್ಬರೂ ಎದುರುಬದುರು ಬಾಯಿ ತೆರೆದು ನಿಲ್ಲುತ್ತಿದ್ದೆವು. ಒಮ್ಮೆ ಇದನ್ನು ಕಂಡ ನನ್ನ ಗಂಡ ಬಂದ ಕಾಲಲ್ಲೇ ಹೊಲದ ಕಡೆ ನಡೆದುಬಿಟ್ಟ. ಮೊದಲ ವಾರ ಅತ್ತೆ ಎಮ್ಮೆಯನ್ನು ಬೈದರು, ಕೋಳಿಯನ್ನು ಬೈದರು, ಉಳಿದದ್ದು ನನಗೆ. ತಿಂಗಳಾಗುವಷ್ಟರಲ್ಲಿ ಕೆಮ್ಮು ಇಳಿಯಿತು, ನಾಲಿಗೆಗೆ ರುಚಿ ಮರಳಿತು. ಒಂದು ಮಧ್ಯಾಹ್ನ ತಾವೇ ಮಾಡಿದ ಬೇಳೆ ಬಾಯಿಗಿಟ್ಟು ಮುಖ ಕಿವುಚಿದರು.

"ಇಷ್ಟು ಉಪ್ಪು ಹಾಕ್ತಿದ್ನೇನ್ ಬೇ ನಾ? ನೀ ಯಾಕ ಹೇಳಲಿಲ್ಲ?"

ನನಗೆ ಗೊತ್ತಾಗಿದ್ದರಲ್ಲವೇ ಹೇಳಲು! ಈಗ ಒಪ್ಪಿಕೊಳ್ಳುತ್ತೇನೆ: ನಾನು ಬಿಟ್ಟಿರಲಿಲ್ಲ. ಬಣವೆಯ ಹಿಂದೆ ಸೇದಿ, ಅಜವಾನ ಅಗಿದು, ಸಾಧ್ವಿಯ ಹಾಗೆ ಬಂದು ಬಾಯಿ ತೆರೆಯುತ್ತಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ ಸಗಣಿಯ ಕುಳ್ಳು ತೊಯ್ದು ಬರೀ ಹೊಗೆ. ಅತ್ತೆ ಕೊಳವೆ ಹಿಡಿದು ಒಂದೇ ಉಸಿರಿಗೆ ಊದಿದರು. ಉರಿ ಭಗ್ಗೆಂದಿತು, ಕೆಮ್ಮೇ ಇಲ್ಲ. ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಹೊಟ್ಟೆಯುರಿಯೂ ಆಯಿತು. ಅಷ್ಟರಲ್ಲಿ ಅವರು ಒಲೆಯ ಮುಂದಿನಿಂದ ತಾವಾಗಿಯೇ ಸರಿದು ಕೊಳವೆ ಚಾಚಿದರು.

"ಕುಂದರು. ಇನ್ನ ಈ ಒಲಿ ನಿಂದು."

ಕೂತೆ, ಊದಿದೆ. ಎರಡನೆಯ ಊದಿಗೆ ಎದೆ ಕಟ್ಟಿ ಕೆಮ್ಮು ಬಂತು. ಬೂದಿ ಎದ್ದು ಮುಖಕ್ಕೆ ಬಡಿಯಿತು. ಅತ್ತೆ ಬಾಯಿ ಮೂಸಲಿಲ್ಲ. ಜೋಳದ ಗಡಿಗೆಗೆ ನೆಟ್ಟಗೆ ಕೈ ಹಾಕಿ, ನಾನು ಬಚ್ಚಿಟ್ಟಿದ್ದ ಬೀಡಿ ಕಟ್ಟನ್ನು ತೆಗೆದು ಒಲೆಗಿಟ್ಟರು.

"ಮೂಗಿಗೆ ಸುಳ್ಳು ಹೇಳಬಹುದು ಬೇ, ಒಲಿಗೆ ಹೇಳಾಕ ಬರಂಗಿಲ್ಲ," ಎಂದು ಕೊಳವೆ ಕಸಿದುಕೊಂಡರು. "ಉಸಿರು ಬಂದ ದಿನ ಬಂದು ಕೇಳು."

ಕೇಳಲು ನನಗೆ ಆರು ತಿಂಗಳು ಬೇಕಾಯಿತು.