ಪಾಪ್ಪಚ್ಚನ್ ಜರ್ಮನಿ ನೋಡಿ ಬಂದದ್ದು

ನೆಲ್ಯಾಡಿಯ ಸುತ್ತಮುತ್ತ ಪಾಪ್ಪಚ್ಚನಷ್ಟು ಮರ್ಯಾದೆ ಸಂಪಾದಿಸಿದ ಸೋಮಾರಿ ಇನ್ನೊಬ್ಬ ಇರಲಿಲ್ಲ. ನಾನು ಅವನ ನೆರೆಮನೆಯವಳು, ಊರಿನ ಶಾಲೆಯಲ್ಲಿ ಟೀಚರಾಗಿದ್ದವಳು. ನಮ್ಮ ಹಿತ್ತಲಿಗೂ ಅವನ ರಬ್ಬರ್ ಗುಡ್ಡಕ್ಕೂ ನಡುವೆ ಒಂದು ಬೇಲಿ ಮಾತ್ರ ಇದ್ದದ್ದು. ಹಾಗಾಗಿ ನಾನು ಹೇಳುವುದರಲ್ಲಿ ಕೇಳಿದ್ದಕ್ಕಿಂತ ಕಂಡದ್ದೇ ಹೆಚ್ಚು.

ಅವನ ಕೆಲಸ ಜಾಗ ನೋಡುವುದು. ಅದೂ ಒಂದು ಕೆಲಸವೇ ಎಂದು ನೀವು ಕೇಳಿದರೆ ನಾನು ನಿಮ್ಮ ಕಡೆ. ಅವನ ಅಪ್ಪ ಉಲಹನ್ನಾನ್ ಕೇರಳದಲ್ಲಿ ಕೂತು, ಯಾರೋ ದಲ್ಲಾಳಿಯ ಬಾಯಿಮಾತು ನಂಬಿ, ನಮ್ಮ ಊರಿನ ಒಂದು ಗುಡ್ಡವನ್ನು ನೋಡದೆಯೇ ಖರೀದಿ ಮಾಡಿದ್ದ. ಹೆಂಡತಿ ಮಗನನ್ನು ಲಾರಿಗೆ ಹತ್ತಿಸಿಕೊಂಡು ಬಂದು ನೋಡಿದರೆ ಹುಲ್ಲಿನಡಿ ಬರೀ ಕೆಂಪುಕಲ್ಲು. ಅವನ ಹೆಂಡತಿ ಕುಂಜಮ್ಮ ಕೆಳಗೆ ಹರಿಯುವ ತೋಡಿನ ಬದಿಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ಆ ಕಲ್ಲಿನ ಮೇಲೆ ಮೊದಲು ಮರಗೆಣಸು, ಆಮೇಲೆ ರಬ್ಬರ್ ಬೆಳೆಸಿದರು. ಉಲಹನ್ನಾನ್ ಸತ್ತ. ಮಣ್ಣು ಹೊತ್ತದ್ದು ಕುಂಜಮ್ಮ, ಪಾಠ ಕಲಿತೆ ಎಂದು ಹೇಳಿಕೊಂಡು ತಿರುಗಿದ್ದು ಮಗ ಪಾಪ್ಪಚ್ಚನ್. "ನೋಡದೆ ಒಂದು ಜಾಗಕ್ಕೆ ಕಾಲಿಡಬಾರದು" ಎಂಬುದೇ ಅವನ ಮಂತ್ರವಾಯಿತು.

ಎಪ್ಪತ್ತರ ದಶಕದಲ್ಲಿ ಕೇರಳದ ಪಾಲಾ, ತೊಡುಪುಳದ ಕಡೆಯಿಂದ ಜೀಪು ಜೀಪಾಗಿ ಜನ ಜಾಗ ಹುಡುಕಿಕೊಂಡು ಕಡಬ, ನೆಲ್ಯಾಡಿಗೆ ಬರುತ್ತಿದ್ದರು. ಮುಂಗಡ ಕೊಡುವ ಮೊದಲು ಪಾಪ್ಪಚ್ಚನನ್ನು ಕರೆಯುವುದು ಅವರಲ್ಲಿ ಪದ್ಧತಿಯೇ ಆಗಿಹೋಯಿತು. ಅವನು ಬಿಳಿ ಮುಂಡು ಉಟ್ಟು ಬರುವನು. ಮೊಣಕೈ ಆಳದ ಒಂದು ಗುಂಡಿ ತೋಡಿಸುವನು. ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಿಸಿ, ಕಾಲಲ್ಲಿ ಮೆಟ್ಟಿ ನೋಡುವನು. ಮಣ್ಣು ಮಿಕ್ಕಿದರೆ ಜಾಗ ಒಳ್ಳೆಯದು, ಗುಂಡಿ ತುಂಬದೆ ತಗ್ಗು ಉಳಿದರೆ ಕೆಟ್ಟದು. ಕೊನೆಗೆ ಒಂದು ಚಿಟಿಕೆ ಮಣ್ಣು ನಾಲಗೆಗಿಟ್ಟು, ಕಣ್ಣು ಮುಚ್ಚಿ, ಇಷ್ಟು ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ ಎಂಬುದನ್ನು ಚೆನ್ನಾಗಿ ಸವಿದ ಮೇಲೆ, ತೀರ್ಪು ಹೇಳುವನು. ಆಮೇಲೆ ಪಾರ್ಟಿಯವರ ಖರ್ಚಿನಲ್ಲಿ ಕೋಳಿ ಊಟ. ಊರವರ ಗುಂಡಿ ನೋಡುವ ಈ ಮಹಾಶಯ ತನ್ನ ಗುಡ್ಡದಲ್ಲಿ ಒಂದು ಚಿಪ್ಪು ರಬ್ಬರ್ ಹಾಲು ಎತ್ತಿದ್ದನ್ನು ನಾನು ಕಂಡವಳಲ್ಲ. ಬೆಳಕು ಹರಿಯುವ ಮೊದಲೇ ಮರ ಗೀರುವವರು ಕುಂಜಮ್ಮ, ಹಾಲು ಹೆಪ್ಪು ಹಾಕಿ ಶೀಟು ಒತ್ತುವವರೂ ಕುಂಜಮ್ಮ.

ಇಂಥವನಿಗೆ ವತ್ಸಮ್ಮನಂಥ ಹೆಂಡತಿ ಸಿಕ್ಕಿದ್ದಳು. ಅವಳು ನರ್ಸ್. ಮಗಳು ಡೈಸಿ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಕನ್ಯಾಸ್ತ್ರೀಯರ ಮೂಲಕ ಜರ್ಮನಿಯ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಅಲ್ಲಿಂದ ಅವಳು ಕಳಿಸಿದ್ದರಲ್ಲಿ ಇಲ್ಲಿ ಹೊಸ ಮನೆ ಎದ್ದಿತು. "ನಾನು ಕಟ್ಟಿಸಿದ್ದು" ಎಂದು ಪಾಪ್ಪಚ್ಚನ್ ಬಂದವರಿಗೆಲ್ಲ ಗೋಡೆ ತಟ್ಟಿ ತೋರಿಸಿದ. ಎರಡು ವರ್ಷಕ್ಕೊಮ್ಮೆ ವತ್ಸಮ್ಮ ರಜೆಯಲ್ಲಿ ಬರುವಾಗ ಡೈಸಿ ಅಜ್ಜಿಯ ಮುಂಡಿನ ಹಿಂದೆ ಅಡಗುತ್ತಿದ್ದಳು. ಒಂದು ಸಲ ನಾನು ಅಲ್ಲೇ ಇದ್ದೆ. ಮಗು ಕುಂಜಮ್ಮನನ್ನು ಕೇಳಿತು: "ಅಮ್ಮಚ್ಚೀ, ಈ ಆಂಟಿ ಯಾವಾಗ ಹೋಗುದು?"

ವತ್ಸಮ್ಮ ಕೈಯಲ್ಲಿದ್ದ ಚಾಕಲೇಟನ್ನು ಹಾಗೇ ಮೇಜಿನ ಮೇಲಿಟ್ಟು ಒಳಗೆ ಹೋದಳು. ಅವಳಿಗೆ ಬೇಕಾದದ್ದು ಒಂದೇ, ಆ ಮಗು ತನ್ನ ಹತ್ತಿರ ಬೆಳೆದು ತನ್ನನ್ನು ಅಮ್ಮ ಎಂದು ಕರೆಯಬೇಕು. ಆ ಸಲವೇ ಅವಳು ಗಂಡನಿಗೆ ಸ್ಪಷ್ಟವಾಗಿ ಹೇಳಿದಳು, ಮೂವರೂ ಅಲ್ಲಿ ಒಟ್ಟಿಗೆ ಇರೋಣ, ಮೊದಲ ಕೆಲವು ವರ್ಷ ಗಂಡನಿಗೆ ಅಲ್ಲಿ ಕೆಲಸಕ್ಕೆ ಸೇರಲು ಸರಕಾರದ ಅನುಮತಿ ಸಿಗುವುದಿಲ್ಲ, ಮನೆಯಲ್ಲಿದ್ದು ಮಗುವನ್ನು ನೋಡಿಕೊಂಡರೆ ಸಾಕು, ಎಂದು. ಗಂಡಸು ಕೆಲಸ ಮಾಡಬಾರದು ಎಂದು ಕಾನೂನೇ ಇರುವ ದೇಶ! ಪಾಪ್ಪಚ್ಚನಿಗೆಂದೇ ಹೇಳಿ ಮಾಡಿಸಿದ ಹಾಗಿದೆ ಎಂದು ನಾನು ಅಂದುಕೊಂಡೆ.

ಆದರೆ ಅವನು ಗಂಟಲು ಸರಿಮಾಡಿಕೊಂಡು ತನ್ನ ಮಂತ್ರ ಹೇಳಿದ. ನೋಡದೆ ಕಾಲಿಡಲಾರೆ ಎಂದ. ಸರಿ, ಬಂದು ನೋಡಿ ಎಂದು ವತ್ಸಮ್ಮ ಟಿಕೆಟ್ ಕಳಿಸಿದಳು. ಅದು ಎಪ್ಪತ್ತೊಂಬತ್ತನೆಯ ಇಸವಿ.

ಊರಿಗೆ ಊರೇ ಹುಚ್ಚು ಹಿಡಿದಂತೆ ಕುಣಿಯಿತು. ದರ್ಜಿ ಮೊಯ್ದಿನಬ್ಬ ಕಂಬಳಿಯಷ್ಟು ದಪ್ಪದ ಬಟ್ಟೆ ತರಿಸಿ ಒಂದು ಕೋಟು ಹೊಲಿದ. ತೋಳು ಬೆರಳ ತುದಿ ದಾಟುತ್ತಿತ್ತು. "ಚಳಿಗೆ ಅಲ್ವಾ ಟೀಚರೇ, ಉದ್ದ ಇರ್ಲಿ" ಎಂದು ನನಗೇ ಸಮಜಾಯಿಷಿ ಕೊಟ್ಟ. ನನ್ನ ಗಂಡ ಕೃಷ್ಣಮೋಹನರಂತೂ ತಾವೇ ಹೊರಟವರ ಹಾಗೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಪೆಟ್ಟಿಗೆಯೊಳಗೆ ಬಟ್ಟೆಯ ನಡುವೆ ಗುಂಡಿ ತೋಡುವ, ಹಿಡಿ ಕಳಚಿದ ಒಂದು ಪಿಕ್ಕಾಸು ಕಂಡು ನಾನು ಕೇಳಿದೆ:

"ಜರ್ಮನಿಗೆ ಪಿಕ್ಕಾಸು ಎಂತಕ್ಕೆ ಪಾಪ್ಪಚ್ಚಾ?"

"ಜಾಗ ನೋಡ್ಲಿಕ್ಕೆ ಹೋಗುವವ ಬರಿಗೈಲಿ ಹೋಗುದಾ ಟೀಚರೇ?" ಎಂದ ಅವನು. ಸುತ್ತ ನಿಂತ ಗಂಡಸರು ಎಂಥ ಬುದ್ಧಿ ಎಂಬಂತೆ ತಲೆದೂಗಿದರು. ಒಬ್ಬರಿಗಾದರೂ ನಗು ಬರಲಿಲ್ಲ.

ಮೂರು ತಿಂಗಳು ಇದ್ದು ಬರುತ್ತೇನೆಂದು ಹೋದವನು ತಿಂಗಳು ತುಂಬುವ ಮೊದಲೇ ಜೀಪಿನಿಂದ ಇಳಿದ. ಅಂದು ಸಂಜೆ ಮೊಯ್ದಿನಬ್ಬನ ಅಂಗಡಿಯ ಜಗಲಿಯಲ್ಲಿ ದರಬಾರು ಸೇರಿತು. ನಾನು ರವಿಕೆ ಕೊಡಲು ಹೋದವಳು ಅಲ್ಲೇ ನಿಂತೆ. ಆ ಸೆಕೆಯಲ್ಲೂ ಅವನು ಕೋಟು ಬಿಚ್ಚಿರಲಿಲ್ಲ.

"ಸತ್ತ ಮಣ್ಣು" ಎಂದ. "ಮೇಲೆ ಹಸಿರು ಕಾಣ್ತದೆ, ಅದು ನಂಬುವ ಹಸಿರಲ್ಲ. ನಾನೇ ಗುಂಡಿ ತೋಡಿದೆ, ಮೊಣಕೈ ಆಳ. ತುಂಬಿ ಮೆಟ್ಟಿದೆ. ಒಂದು ಗೇಣು ತಗ್ಗು ಉಳಿಯಿತು! ಬಾಯಿಗಿಟ್ಟರೆ ರುಚಿಯೇ ಇಲ್ಲ. ಅಂಥ ನೆಲದಲ್ಲಿ ನೆಲೆ ನಿಲ್ಲುವುದು ಬೇಡ."

ಯಾರೋ ನಿಟ್ಟುಸಿರು ಬಿಟ್ಟರು. ಪುಣ್ಯಕ್ಕೆ ನೀವು ನೋಡಿ ಬಂದಿರಿ ಮಾರಾಯ್ರೆ, ಎಂದರು ಇನ್ನೊಬ್ಬರು. ನನಗೆ ತಡೆಯಲಾಗಲಿಲ್ಲ.

"ವತ್ಸಮ್ಮ ಅಲ್ಲಿ ರಬ್ಬರ್ ನೆಡುದಾ ಪಾಪ್ಪಚ್ಚಾ? ಅವಳು ಇರುದು ಆಸ್ಪತ್ರೆಯವರ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಅಲ್ವಾ?"

ಅವನು ನನ್ನತ್ತ ಕನಿಕರದಿಂದ ನೋಡಿದ. "ಮಣ್ಣೇ ಸರಿ ಇಲ್ಲದ ಮೇಲೆ ಮನುಷ್ಯ ಎಲ್ಲಿಂದ ಸರಿ ಇರುದು ಟೀಚರೇ?"

ಜಗಲಿಯೆಲ್ಲ ಹೌದು ಹೌದು ಎಂದಿತು. ಕುಣಿಯಲಾರದವನಿಗೆ ಅಂಗಳ ಡೊಂಕು ಎಂಬ ಗಾದೆ ಇವರಾರೂ ಕೇಳಿಲ್ಲವೇ ಎಂದು ನನಗೆ ಮೈ ಉರಿಯಿತು. ಮಗಳನ್ನು ನರ್ಸಿಂಗ್ ಕಲಿಸಿ ಜರ್ಮನಿಗೆ ಕಳಿಸಬೇಕೆಂದಿದ್ದ ಒಬ್ಬ ಅಪ್ಪ ಅಲ್ಲೇ ಮನಸ್ಸು ಬದಲಿಸಿದ. ರಾತ್ರಿ ನಮ್ಮವರು ಊಟಕ್ಕೆ ಕೂತು ಅದೇ ಮಾತನ್ನು, ಮಣ್ಣು, ಮನುಷ್ಯ, ಎಂದು ನನಗೇ ಒಪ್ಪಿಸಿದರು. ನಾನು ಅವರ ಎಲೆಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ವತ್ಸಮ್ಮ ಬಂದಳು. ಬಂದ ಎರಡನೆಯ ದಿನವೇ ಕುಂಜಮ್ಮ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. "ಮನೆಯ ಮಾತು ಟೀಚರೇ, ಆದರೂ ಒಬ್ಬರು ಹೊರಗಿನವರು ಇರ್ಲಿ. ಇಲ್ಲದಿದ್ದರೆ ಅವನು ನಾಳೆ ಬೇರೆಯೇ ಕಥೆ ಹೇಳ್ತಾನೆ." ಹೆತ್ತ ಮಗನನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಳಗೆ ಹೋದರೆ ಪಾಪ್ಪಚ್ಚನ್ ಕುರ್ಚಿಯಲ್ಲಿ ಒರಗಿದ್ದ. ವತ್ಸಮ್ಮ ಎದುರು ನಿಂತಿದ್ದಳು. ಡೈಸಿ ಅಜ್ಜಿಗೆ ಅಂಟಿಕೊಂಡಿದ್ದಳು. ಅವರು ಆಡಿದ್ದು ಮಲಯಾಳದಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಅವನು ಗುಂಡಿಯ ಕಥೆ ಸುರುಮಾಡಿದ. ವತ್ಸಮ್ಮ ಅವನನ್ನು ಮುಗಿಸಲು ಬಿಡಲಿಲ್ಲ.

"ಆ ಗುಂಡಿ ಯಾರ ತೋಟದಲ್ಲಿ ತೋಡಿದ್ದು, ಅದನ್ನೂ ಹೇಳಿ. ಕನ್ಯಾಸ್ತ್ರೀಯರ ಗುಲಾಬಿ ಮಡಿಯಲ್ಲಿ. ಎರಡು ಗಿಡ ಬುಡಸಮೇತ ಕಿತ್ತು. ತೋಟದವ ಬೊಬ್ಬೆ ಹಾಕಿದಾಗ ನೀವು ಮೇಲೆ ಬಂದು ಬಾಗಿಲು ಹಾಕಿಕೊಂಡ್ರಿ. ರಾತ್ರಿ ಡ್ಯೂಟಿ ಮುಗಿಸಿ ಬಂದವಳು ನಾನು, ಯೂನಿಫಾರ್ಮಲ್ಲೇ ಮೊಣಕಾಲೂರಿ ಆ ಗಿಡ ಮತ್ತೆ ನೆಟ್ಟೆ."

"ಪರೀಕ್ಷೆ ಮಾಡುವಾಗ ಗಿಡ ಗಿಡ ಅಂತ ನೋಡ್ಲಿಕ್ಕಾಗ್ತದಾ?" ಎಂದ ಅವನು.

"ದಿನಾ ಬೆಳಿಗ್ಗೆ ನಾನು ಬರುವಾಗ ನೀವು ಉಂಡ ಬಟ್ಟಲು ಮೇಜಿನ ಮೇಲೆ ಒಣಗಿರ್ತಿತ್ತು. ಕೋಟು ಹಾಕಿ ಕೂತು, ಚಾಯ ಆಗ್ಲಿಲ್ವಾ ಅಂತ ಕೇಳ್ತಿದ್ರಿ. ಕೆಳಗಿನ ಮನೆಯ ನರ್ಸಿನ ಗಂಡ ಮಗುವಿಗೆ ಬೂಟು ಕಟ್ಟಿ ಶಾಲೆಗೆ ಬಿಟ್ಟು ಬರುವಾಗ ಕಿಟಕಿಯಿಂದ ನೋಡಿ ನಗಾಡಿದ್ರಿ, ಇವ ಹೆಂಗಸಾ ಅಂತ. ಅವನೂ ನಮ್ಮ ಕಡೆಯವನೇ. ಅವನ ಮಗಳು ಅವಳ ಅಮ್ಮನನ್ನು ಅಮ್ಮ ಅಂತ ಕರೀತಾಳೆ."

ಪಾಪ್ಪಚ್ಚನ್ ಕಾಲ ಮೇಲೆ ಕಾಲು ಹಾಕಿದ. "ಎಂತ ಹೇಳಿದ್ರೂ ದೇಶ ಸರಿ ಇಲ್ಲ. ನಾನು ನೋಡಿ ಆಯ್ತು."

"ದೇಶ ನೋಡ್ಲಿಕ್ಕೆ ನಿಮ್ಮನ್ನು ಯಾರು ಕರೆದದ್ದು?" ಎಂದಳು ವತ್ಸಮ್ಮ. "ದೇಶ ನಾನು ನೋಡಿದ್ದೇನೆ, ಇಷ್ಟು ವರ್ಷ ಅಲ್ಲೇ ದುಡಿದಿದ್ದೇನೆ. ನಾನು ನೋಡ್ಬೇಕಾಗಿದ್ದದ್ದು ನಿಮ್ಮನ್ನು. ನನ್ನ ಮಗುವನ್ನು ನಿಮ್ಮ ಕೈಯಲ್ಲಿ ಬಿಟ್ಟು ಡ್ಯೂಟಿಗೆ ಹೋಗಬಹುದಾ ಅಂತ. ನೋಡಿ ಆಯ್ತು."

ಅವನ ಮುಖ ಒಂದು ಗಳಿಗೆ ಪೆಚ್ಚಾಯಿತು. ಆದರೆ ಇಂಥವರಿಗೆ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ. ಅವನು ನಕ್ಕ. "ಹಾಗಾದ್ರೆ ಮಗಳನ್ನು ಕರ್ಕೊಂಡು ಹೋಗು. ಕರೆ ನೋಡುವ, ಬರ್ತಾಳಾ?"

ವತ್ಸಮ್ಮ ಕೈ ಚಾಚಿ, "ಡೈಸೀ" ಎಂದಳು. ಮಗು ಕುಂಜಮ್ಮನ ಬೆನ್ನ ಹಿಂದೆ ಸರಿಯಿತು. ಪಾಪ್ಪಚ್ಚನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಜನ್ಮದಲ್ಲಿ ನನಗೆ ಒಬ್ಬರ ಕೆನ್ನೆಗೆ ಹೊಡೆಯಬೇಕೆನಿಸಿದ್ದರೆ ಅದು ಆಗ.

ವತ್ಸಮ್ಮ ಅಳಲಿಲ್ಲ. ಚಾಚಿದ ಕೈಯನ್ನು ಹಾಗೇ ಅತ್ತೆಯ ಕಡೆ ತಿರುಗಿಸಿದಳು. "ಅಮ್ಮಚ್ಚೀ, ನೀವು ಬನ್ನಿ. ಅವಳಿಗೆ ನನ್ನ ಅಭ್ಯಾಸ ಆಗುವ ತನಕ. ಎಷ್ಟು ತಿಂಗಳು ಇರ್ಲಿಕ್ಕೆ ಬಿಡ್ತಾರೋ ಅಷ್ಟು ತಿಂಗಳು."

"ಅಮ್ಮನಾ? ಪುತ್ತೂರು ಪೇಟೆಗೆ ಹೋದ್ರೂ ಮಧ್ಯಾಹ್ನದೊಳಗೆ ಓಡಿ ಬರುವವರು" ಎಂದ ಪಾಪ್ಪಚ್ಚನ್. "ನೋಡದ ದೇಶಕ್ಕೆ ಹೋಗ್ತಾರಾ?"

ಕುಂಜಮ್ಮ ಮಗನನ್ನೇ ನೋಡಿದರು. ಆ ನೋಟದಲ್ಲಿ ಕೋಪವೂ ಇರಲಿಲ್ಲ, ಏನೂ ಇರಲಿಲ್ಲ.

"ನಿನ್ನ ಅಪ್ಪನ ಮನೆ ನಾನು ನೋಡಿ ಬಂದದ್ದಾ? ಈ ಗುಡ್ಡ ನೋಡಿ ಬಂದದ್ದಾ? ಲಾರಿ ಹತ್ತು ಅಂದ್ರು, ಹತ್ತಿದೆ. ಬೇಕಾ ಅಂತ ನನ್ನನ್ನು ಕೇಳಿದವರು ಇವಳೊಬ್ಬಳೇ." ಆಮೇಲೆ ಸೊಸೆಯತ್ತ ತಿರುಗಿದರು. "ಬರ್ತೇನೆ ಮಗಳೇ. ಯಾವಾಗ ಹೊರಡುದು?"

ಪಾಪ್ಪಚ್ಚನ್ ಕುರ್ಚಿಯಿಂದ ಎದ್ದೇಬಿಟ್ಟ. ಹೆಂಡತಿ ಹೊರಟಿದ್ದಳು, ಮಗಳು ಹೊರಟಿದ್ದಳು, ಹೆತ್ತ ತಾಯಿ ಹೊರಟಿದ್ದರು. ಆ ಹೊತ್ತಿಗೆ ಒಬ್ಬ ಮನುಷ್ಯ ಕೇಳಬಹುದಾದ ಮಾತು ಎಷ್ಟು ಉಂಟು! ಅವನು ಕೇಳಿದ್ದು ಇದು: "ಹಾಗಾದ್ರೆ ನನಗೆ ಅನ್ನ ಮಾಡುದು ಯಾರು?"

"ಅಕ್ಕಿ ಪೆಟ್ಟಿಗೆಯಲ್ಲಿ ಉಂಟು, ನೀರು ಬಾವಿಯಲ್ಲಿ ಉಂಟು" ಎಂದರು ಕುಂಜಮ್ಮ. ಡೈಸಿಯ ಕೈ ಹಿಡಿದು ಒಳಗೆ ಹೋದರು. ವತ್ಸಮ್ಮ ಅವರ ಹಿಂದೆ ಹೋದಳು.

ಮಗಳ ಪಾಸ್‌ಪೋರ್ಟಿಗೆ ಸಹಿ ಹಾಕುವುದಿಲ್ಲ ಎಂದು ಅವನು ಹಟ ಹಿಡಿದದ್ದೂ ಆಯಿತು. ಕುಂಜಮ್ಮ ಒಲೆ ಹಚ್ಚುವುದನ್ನು ನಿಲ್ಲಿಸಿದರು, ಸಹಿ ಬಿತ್ತು. ಆಮೇಲೂ ತಿಂಗಳುಗಟ್ಟಲೆ ಸಮಯವಿತ್ತು. ಪಾಪ್ಪಚ್ಚನ್ ಅಷ್ಟು ದಿನವೂ ಅಮ್ಮನ ಮನಸ್ಸು ಬದಲಾಗುತ್ತದೆಂದು ಕಾದು ಕೂತನೇ ಹೊರತು ಒಲೆಯ ಹತ್ತಿರ ಸುಳಿಯಲಿಲ್ಲ. ಡಿಸೆಂಬರಿನಲ್ಲಿ ವತ್ಸಮ್ಮ ಮತ್ತೆ ಬಂದು ಇಬ್ಬರನ್ನೂ ಕರೆದುಕೊಂಡು ಹೋದಳು. ಜೀಪಿನಲ್ಲಿ ಡೈಸಿ ಇಬ್ಬರ ನಡುವೆ ಕೂತಿದ್ದಳು. ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು, ಆದರೆ ವತ್ಸಮ್ಮ ಅವಳ ತಲೆ ಸವರಿದಾಗ ಕೊಸರಿಕೊಳ್ಳಲಿಲ್ಲ.

ಅದೇ ಸಂಜೆ ಪಾಪ್ಪಚ್ಚನ್ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನಾನು ಒಲೆಯ ಮುಂದಿದ್ದೆ, ನಮ್ಮವರು ಮಣೆಯ ಮೇಲೆ ಊಟಕ್ಕೆ ಕಾಯುತ್ತಿದ್ದರು.

"ಟೀಚರೇ" ಎಂದ ಅವನು, "ಒಂದು ಸೇರು ಅಕ್ಕಿಗೆ ನೀರು ಎಷ್ಟು ಇಡುದು?"

ನಾನು ಅವನತ್ತ ತಿರುಗಿಯೂ ನೋಡಲಿಲ್ಲ. ಅವನ ಪಾಡು ನೋಡಲಾಗದೆ ನಮ್ಮವರು ಹೇಳಲು ಬಾಯಿ ತೆರೆದರು. ತೆರೆದವರು ನನ್ನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ.