‘ಅಲರ್ಜಿ ಇಲ್ಲ’ ಎಂದು ಬರೆದವರು

ಹೋದ ವರ್ಷದ ಶ್ರಾವಣದ ಮಾತು. ಗಂಗಾವತಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಇಪ್ಪತ್ತು ವರ್ಷದಿಂದ ವೈದ್ಯ. ಕೇಸ್ ಪೇಪರ್ ಹೋಗಿ ಎಲ್ಲವೂ ಕಂಪ್ಯೂಟರಿಗೆ ಬಂದ ಮೇಲೆ ನನ್ನ ಗ್ರಹಚಾರ ಕೆಟ್ಟಿತು. ನಾನು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಿದ್ದರೆ, ಹೊಸದಾಗಿ ಸೇರಿದ ಡಾಕ್ಟರ್ ಶಾಹೀನ್ ರೋಗಿಯ ಮುಖ ನೋಡುತ್ತಲೇ ಪಟಪಟ ಟೈಪ್ ಮಾಡಿ ಮುಗಿಸುತ್ತಿದ್ದಳು. ನನ್ನ ಹಳೆಯ ರೋಗಿಗಳೇ ನನ್ನ ಬಾಗಿಲಲ್ಲಿ ಇಣುಕಿ, “ಆ ಸಣ್ಣ ಡಾಕ್ಟರಮ್ಮ ಅದಾರೇನ್ರಿ?” ಎಂದು ಕೇಳುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ಬೆಳಿಗ್ಗೆ ಎಂಟೂವರೆಗೆ ವಾರ್ಡಿಗೆ ಹೋದೆ. ತಳಕಲ್ಲಿನ ಹುಲಿಗೆಮ್ಮ ಎಂಬ ವಯಸ್ಸಾದ ಹೆಂಗಸು ನ್ಯುಮೋನಿಯಾದಿಂದ ಮಲಗಿದ್ದರು. ಹಿಂದಿನ ಸಂಜೆ ಅವರನ್ನು ನನ್ನ ಓಪಿಡಿಯಿಂದಲೇ ಕಳಿಸಿದ್ದೆ. ಅಡ್ಮಿಟ್ ಮಾಡಿಕೊಂಡವಳು ಶಾಹೀನ್. ಸೊಸೆ ನನ್ನನ್ನು ತಡೆದು, “ಸಾಹೇಬ್ರ, ಹ್ವಾದ ಸಲ ಕುಷ್ಟಗ್ಯಾಗ ಪೆನ್ಸಿಲಿನ್ ಸೂಜಿ ಮಾಡಿದ್ದಕ್ಕ ನಮ್ಮತ್ತಿ ಮಾರಿ ಎಲ್ಲಾ ಊದಿ ಉಸಿರ ಕಟ್ಟಿತ್ರಿ. ಹೇಳಬೇಕೋ ಬ್ಯಾಡೋ ಗೊತ್ತಾಗಲಿಲ್ರಿ,” ಎಂದಳು.

ಕಂಪ್ಯೂಟರ್ ತೆರೆದೆ. ಶಾಹೀನಳ ಟಿಪ್ಪಣಿಯಲ್ಲಿ ‘ಅಲರ್ಜಿ ಇಲ್ಲ’ ಎಂದಿತ್ತು. ಕೆಳಗೆ ಪೆನ್ಸಿಲಿನ್ ಇಂಜೆಕ್ಷನ್ನೇ ಬರೆದಿದ್ದಳು! ಸಿಕ್ಕಿಬಿದ್ದಳು ನೋಡು, ಎಂದು ಒಳಗೇ ಕುಣಿದೆ. ಅಲ್ಲೇ ತಿದ್ದಬಹುದಿತ್ತು, ನರ್ಸಿಗೆ ಒಂದು ಮಾತು ಹೇಳಬಹುದಿತ್ತು. ಆದರೆ ಒಂಬತ್ತೂವರೆಗೆ ದೊಡ್ಡ ಡಾಕ್ಟರ ರೌಂಡ್ ಇತ್ತು. ಎಲ್ಲರ ಮುಂದೆ ಹೇಳೋಣವೆಂದು ಕ್ಯಾಂಟೀನಿಗೆ ಹೋಗಿ ಚಹಾ ಕುಡಿಯುತ್ತ ಕುಳಿತೆ.

ಅರ್ಧ ಕಪ್ ಮುಗಿದಿರಬೇಕು. ಮೊದಲ ಇಂಜೆಕ್ಷನ್ ಒಂಬತ್ತಕ್ಕೇ ಎಂಬುದು ಆಗ ನೆನಪಾಯಿತು. ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ನರ್ಸ್ ರೇಣುಕಾ ಸಿರಿಂಜ್ ಹಿಡಿದು ಹುಲಿಗೆಮ್ಮನ ಕೈಯತ್ತ ಬಾಗಿದ್ದಳು. “ಏ, ನಿಲ್ಸವಾ! ಮಾಡಬ್ಯಾಡ!” ಎಂದು ಕಿರುಚಿದೆ. ವಾರ್ಡೆಲ್ಲ ನನ್ನತ್ತ ತಿರುಗಿತು.

ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ. ರೌಂಡಿನಲ್ಲಿ ದೊಡ್ಡ ಡಾಕ್ಟರ ಮುಂದೆ, “ಬೆರಳು ಜೋರು ಓಡಿದ್ರ ಸಾಕೇನ್ರಿ? ರೋಗೀನ ಒಂದು ಮಾತು ಕೇಳಬಾರದೇನು?” ಎಂದು ಶಾಹೀನಳನ್ನು ಚುಚ್ಚಿದೆ. ಅವಳು ಕಂಪ್ಯೂಟರಿನತ್ತ ತಿರುಗಿದಳು. ಆ ಸಾಲನ್ನು ಯಾರು, ಯಾವಾಗ ಬರೆದರೆಂದು ತೋರಿಸುವ ಪುಟ ತೆರೆದಳು. ಮೊದಲ ಹೆಸರು ನನ್ನದೇ!

ಆಗ ನೆನಪಾಯಿತು. ಅಲರ್ಜಿಯ ಖಾನೆ ತುಂಬದಿದ್ದರೆ ಪರದೆ ಮುಂದೆ ಹೋಗುವುದಿಲ್ಲ. ಹಿಂದಿನ ಸಂಜೆ, ಹೊರಗೆ ಕಾಯುತ್ತಿದ್ದ ರೋಗಿಗಳು ಎದ್ದು ಶಾಹೀನಳ ಕೋಣೆಗೆ ಹೋಗಿಬಿಟ್ಟಾರೆಂದು ಹುಲಿಗೆಮ್ಮನನ್ನು ಕೇಳದೆಯೇ ‘ಇಲ್ಲ’ ಒತ್ತಿದ್ದೆ.

“ಸರ್ ಬರೆದಾರಂತ ನಂಬಿ ಮತ್ತ ಕೇಳಲಿಲ್ರಿ. ನಂದೂ ತಪ್ಪೈತ್ರಿ,” ಎಂದಳು ಶಾಹೀನ್.

ದೊಡ್ಡ ಡಾಕ್ಟರು ಕನ್ನಡಕ ಹಾಕಿಕೊಂಡು ಪರದೆಯ ಕಡೆ ಬಾಗುವಷ್ಟರಲ್ಲಿ ಆ ಪುಟದ ಕೆಳಗಿನ ಇನ್ನೊಂದು ಸಾಲು ನಮ್ಮಿಬ್ಬರಿಗೂ ಕಂಡಿತು. ಆ ದಿನ ಎಂಟು ಮೂವತ್ತೈದಕ್ಕೆ ನಾನು ಕಡತ ತೆರೆದು ನೋಡಿ, ಏನನ್ನೂ ತಿದ್ದದೆ ಮುಚ್ಚಿದ್ದೂ ಅಲ್ಲಿ ದಾಖಲಾಗಿತ್ತು. ಶಾಹೀನ್ ಒಮ್ಮೆ ನನ್ನನ್ನು ನೋಡಿದಳು. ದೊಡ್ಡ ಡಾಕ್ಟರು ಓದುವ ಮೊದಲೇ ಪುಟ ಮುಚ್ಚಿ, “ಮುಂದಿನ ಬೆಡ್‌ಗೆ ಹೋಗೋಣ್ರಿ ಸರ್,” ಎಂದಳು.

ಹುಲಿಗೆಮ್ಮ ಗುಣವಾಗಿ ಊರಿಗೆ ಹೋದರು. ಈಗ ಕೇಳದೆ ಆ ಖಾನೆ ತುಂಬುವುದಿಲ್ಲ. ಟೈಪಿಂಗನ್ನೂ ಅಷ್ಟಿಷ್ಟು ಕಲಿತಿದ್ದೇನೆ. ಆದರೆ ನಿಜ ಹೇಳುತ್ತೇನೆ: ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಪುಟವನ್ನು ಮುಚ್ಚುತ್ತಿರಲಿಲ್ಲ. ಅವಳು ಮುಚ್ಚಿದಳಲ್ಲ, ಅದಕ್ಕೇ ಇವತ್ತಿಗೂ ನನಗೆ ಹೊಟ್ಟೆಕಿಚ್ಚು.